ಮನೆವಾರ್ತೆ: ಮಕ್ಕಳಿಗೆ ಬೈಸಿಕಲ್ ಕಲಿಸುವ ಕ್ರಮ

ಪರೀಕ್ಷೆಗಳು ಮುಗಿದು ಬೇಸಗೆಯ ರಜವು ಬಂದಿತೆಂದರೆ ಅನೇಕ ಮನೆಗಳಲ್ಲಿ ಬೈಸಿಕಲ್ಲಿನ ಮಾತು ಏಳುವುದು. "ಮೊದಲು ಪಾಸಾಗು, ಆಮೇಲೆ ನೋಡೋಣ" ಎಂದು ವರ್ಷವೆಲ್ಲ ಮುಂದಕ್ಕೆ ತಳ್ಳಿದ ಮಾತನ್ನು ನಡೆಯಿಸಿಕೊಡಬೇಕಾದ ಕಾಲವದು. ಮಗುವು ಹೇಗೋ ತೇರ್ಗಡೆಯಾಗಿರುವುದು. ಮನೆಯ ಯಜಮಾನರು ಅಂಗಡಿಗೆ ಹೋಗಿ ಹೊಳೆಯುವ ವಾಹನವೊಂದನ್ನು ತರುವರು. ಗೃಹಿಣಿಯು ಅದಕ್ಕೆ ಅರಿಸಿನ ಕುಂಕುಮವಿಟ್ಟು, ಗಾಲಿಯಡಿಗೆ ನಿಂಬೆಯ ಹಣ್ಣನ್ನಿರಿಸುವಳು. ಅಲ್ಲಿಗೆ ಸಂಭ್ರಮವು ಮುಗಿದು ಕಲಿಸುವ ಕಷ್ಟವು ಮೊದಲಾಗುವುದು. ಈ ಕಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ವಾಹನದ್ದೂ ಅಲ್ಲ, ಮಗುವಿನದ್ದೂ ಅಲ್ಲ, ಕಲಿಸುವ ಕ್ರಮದ್ದು ಎಂಬುದು ನಮ್ಮ ಅಭಿಪ್ರಾಯ. ಆದಕಾರಣ ಈ ತಿಂಗಳ ಮನೆವಾರ್ತೆಯಲ್ಲಿ ಅದನ್ನೇ ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಅಂಗಡಿಯಿಂದ ಬರುವ ಚಿಕ್ಕ ಬೈಸಿಕಲ್ಲುಗಳ ಹಿಂದಿನ ಗಾಲಿಯ ಎರಡು ಮಗ್ಗುಲಿಗೂ ಪುಟ್ಟ ಗಾಲಿಗಳೆರಡನ್ನು ಬಿಗಿದಿರುವುದನ್ನು ವಾಚಕರು ನೋಡಿಯೇ ಇರುವರು. ಬೀಳದಂತೆ ಆಸರೆಯಾಗಿರಲೆಂದು ಇವನ್ನು ಹಾಕುವುದು. ಮಗುವು ಮೊದಲನೆಯ ದಿನವೇ ಹತ್ತಿ ಕುಳಿತು ಅಂಗಳವನ್ನು ಸುತ್ತಿಬರುವುದರಿಂದ ತಾಯಿತಂದೆಗಳಿಗೆ ಪರಮಾನಂದವಾಗುವುದು. ಆದರೆ ಆರು ತಿಂಗಳಾದ ಮೇಲೆ ಆ ಗಾಲಿಗಳನ್ನು ಬಿಚ್ಚಿದಾಗ, ಮಗುವಿಗೆ ಏನೂ ಬಾರದೆಂಬ ಸಂಗತಿ ಹೊರಬೀಳುವುದು. ಆರು ತಿಂಗಳು ಅದು ಕಲಿತದ್ದು ಪೆಡಲು ತುಳಿಯುವುದನ್ನು ಮಾತ್ರ. ತುಳಿಯುವುದು ಕಲಿಯಬೇಕಾದ ವಿದ್ಯೆಯೇ ಅಲ್ಲ. ಮೂರು ಗಾಲಿಯ ಗಾಡಿಯ ಮೇಲೆ ಮೂರು ವರ್ಷದ ಕೂಸೂ ತುಳಿಯುವುದು. ಕಲಿಯತಕ್ಕದ್ದು ತೂಕವನ್ನು ಕಾಯ್ದುಕೊಳ್ಳುವುದನ್ನು. ಅದನ್ನು ಕಲಿಯಲು ಆ ಪುಟ್ಟ ಗಾಲಿಗಳು ಅವಕಾಶವನ್ನೇ ಕೊಡುವುದಿಲ್ಲ.

ಅವಕಾಶ ಕೊಡದಿರುವುದು ಒಂದಾದರೆ, ತಪ್ಪು ಪಾಠವನ್ನು ಕಲಿಸುವುದು ಇನ್ನೊಂದು. ಎರಡು ಗಾಲಿಯ ವಾಹನವು ಎಡಕ್ಕೆ ತಿರುಗಬೇಕಾದರೆ ಸವಾರನೂ ವಾಹನವೂ ಕೂಡಿ ಎಡಕ್ಕೆ ಓಲಬೇಕು. ಆಸರೆಯ ಗಾಲಿಗಳಿರುವಾಗ ಓಲುವುದು ಸಾಧ್ಯವಿಲ್ಲ. ಮಗುವು ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದೊಡನೆ ಅದರ ಮೈ ಬಲಕ್ಕೆ ಎಸೆಯಲ್ಪಟ್ಟು, ಬಲಗಡೆಯ ಪುಟ್ಟ ಗಾಲಿಯು ಭಾರವನ್ನು ಹೊರುವುದು. ಹೀಗೆ ತಿಂಗಳುಗಟ್ಟಲೆ ಹೊರಮಗ್ಗುಲಿಗೆ ಒರಗಿ ರೂಢಿಯಾದ ಮಗುವು, ಆಸರೆ ತೆಗೆದ ದಿನ ಮೊದಲ ತಿರುವಿನಲ್ಲಿಯೇ ನೆಲವನ್ನು ಮುಟ್ಟಿದರೆ ಅದು ಯಾರ ದೋಷ?

ಈ ವಾಹನವು ಹುಟ್ಟಿಬಂದ ಬಗೆಯನ್ನು ಸ್ವಲ್ಪ ತಿಳಿದರೆ ಕಲಿಸುವ ಕ್ರಮವೂ ತಾನಾಗಿ ತಿಳಿಯುವುದು. 1817ನೆಯ ಇಸವಿ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಮರದಿಂದ ಮಾಡಿದ ಎರಡು ಗಾಲಿಯ ಯಂತ್ರವೊಂದರ ಮೇಲೆ ಕುಳಿತು ಊರ ಹೊರಕ್ಕೆ ಹೊರಟನು. ಅದಕ್ಕೆ ಪೆಡಲುಗಳೂ ಇಲ್ಲ, ಸರಪಳಿಯೂ ಇಲ್ಲ. ಎರಡು ಕಾಲುಗಳಿಂದಲೂ ನೆಲವನ್ನು ಒದೆಯುತ್ತ, ಓಡುತ್ತ, ಇಳಿಜಾರು ಬಂದಾಗ ಕಾಲನ್ನೆತ್ತಿ ತೇಲುತ್ತ ಹೋಗುವುದು. ಹೀಗೆ ಆತನು ಹೋಗಿಬರುವ ದಾರಿ ಎರಡೂ ಸೇರಿ ಸುಮಾರು 14 ಕಿಲೋಮೀಟರನ್ನು ಒಂದು ಗಂಟೆಯೊಳಗೆ ಮುಗಿಸಿದನು. ಆ ಯಂತ್ರದ ಮುಂದಿನ ಗಾಲಿಗೆ ಪೆಡಲುಗಳು ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್ ನಗರದಲ್ಲಿ. ಸರಪಳಿಯಿಂದ ಹಿಂದಿನ ಗಾಲಿಯನ್ನು ತಿರುಗಿಸುವ, ಎರಡು ಗಾಲಿಗಳೂ ಹೆಚ್ಚುಕಡಿಮೆ ಸಮನಾಗಿರುವ, ನಾವು ಇಂದು ಬಲ್ಲ ಆಕಾರವು 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯ ಕಾರ್ಖಾನೆಯಿಂದ ನೆಲೆಗೊಂಡಿತು. ಗಾಳಿ ತುಂಬಿದ ರಬ್ಬರಿನ ಟೈರು ಅದಕ್ಕೂ ಮೂರು ವರ್ಷ ಈಚಿನದು. ಬೆಲ್‌ಫಾಸ್ಟ್ ಪಟ್ಟಣದ ಪಶುವೈದ್ಯನಾದ ಡನ್‌ಲಪ್ ತನ್ನ ಚಿಕ್ಕ ಮಗನ ಮೂರುಗಾಲಿಯ ಗಾಡಿಯು ಕಲ್ಲುಹಾಸಿನ ಬೀದಿಯಲ್ಲಿ ಕುಲುಕುವುದನ್ನು ತಪ್ಪಿಸಲೆಂದು ಅದನ್ನು ಮಾಡಿ, 1888ರಲ್ಲಿ ಹಕ್ಕುಪತ್ರವನ್ನು ಪಡೆದನು.

ಇಲ್ಲಿ ಗಮನಿಸಬೇಕಾದುದಿಷ್ಟೆ. ಮನುಷ್ಯರು ಮೊದಲು ಎರಡು ಗಾಲಿಯ ಮೇಲೆ ತೂಕ ಕಾಯುವುದನ್ನು ಕಲಿತರು. ತುಳಿಯುವುದನ್ನು ಕಲಿತದ್ದು ನಾಲ್ಕೈದು ದಶಕಗಳ ತರುವಾಯ. ಮಗುವಿಗೂ ಅದೇ ಕ್ರಮವು ಸರಿಯಾದುದು. ಈಗ ಅಂಗಡಿಗಳಲ್ಲಿ ಪೆಡಲಿಲ್ಲದ ಚಿಕ್ಕ ಮಕ್ಕಳ ಗಾಡಿಗಳು ಹೊಸ ವಸ್ತುವೆಂಬಂತೆ ಮಾರಾಟಕ್ಕೆ ಬಂದಿವೆ. ಅವು ಡ್ರೈಸನ ಯಂತ್ರದ ಮರಿಗಳೇ ಹೊರತು ಬೇರೆಯಲ್ಲ. ಅದಕ್ಕಾಗಿ ಹಣ ವೆಚ್ಚ ಮಾಡಬೇಕೆಂದೇನೂ ಇಲ್ಲ. ಮನೆಯಲ್ಲಿರುವ ಬೈಸಿಕಲ್ಲಿನ ಪೆಡಲುಗಳನ್ನು ಬಿಚ್ಚಿಟ್ಟರೆ ಸಾಕು.

ಬೀಳದೆ ನಿಲ್ಲುವುದಾದರೂ ಹೇಗೆ? ತಿರುಗುವ ಗಾಲಿಯು ಬುಗುರಿಯಂತೆ ತಾನೇ ನೆಟ್ಟಗೆ ನಿಲ್ಲುವುದೆಂದು ಅನೇಕರು ನಂಬಿರುವರು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಇಂಗ್ಲೆಂಡಿನ ವಿಜ್ಞಾನಿಯು ಎದುರುಮುಖವಾಗಿ ತಿರುಗುವ ಇನ್ನೊಂದು ಗಾಲಿಯನ್ನು ಜೋಡಿಸಿ ಆ ಬುಗುರಿಯ ಗುಣವನ್ನು ಅಳಿಸಿ ನೋಡಿದನು. ಆದರೂ ಬೈಸಿಕಲ್ಲನ್ನು ಸವಾರಿ ಮಾಡಲು ಅಡ್ಡಿಯಾಗಲಿಲ್ಲ. 2011ರಲ್ಲಿ ಹಾಲೆಂಡಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಆ ಗುಣವನ್ನೂ, ಜತೆಗೆ ಮುಂದಿನ ಗಾಲಿಯ ಜೋಡಣೆಯಿಂದ ಬರುವ ಅನುಕೂಲವನ್ನೂ ಕಳೆದ ಯಂತ್ರವೊಂದನ್ನು ಮಾಡಿ ತಳ್ಳಿಬಿಟ್ಟರು. ಸವಾರನಿಲ್ಲದೆಯೂ ಅದು ಬೀಳದೆ ಓಡಿತು. ಇದರ ಗುಟ್ಟು ಪೂರ್ತಿಯಾಗಿ ಒಂದೇ ಮಾತಿನಲ್ಲಿ ಹೇಳುವಂಥದಲ್ಲವಾದರೂ ಸವಾರನ ಪಾಲಿಗೆ ಬೇಕಾದ ಸಾರವು ಸರಳವಾಗಿದೆ: ವಾಹನವು ಯಾವ ಮಗ್ಗುಲಿಗೆ ವಾಲುವುದೋ ಆ ಮಗ್ಗುಲಿಗೇ ಮುಂದಿನ ಗಾಲಿಯು ತಿರುಗಬೇಕು. ಹಾಗೆ ತಿರುಗಿದರೆ ಗಾಲಿಗಳು ಬೀಳುತ್ತಿರುವ ಭಾರದ ಕೆಳಕ್ಕೆ ಬಂದು ಅದನ್ನು ಎತ್ತಿ ನಿಲ್ಲಿಸುವುವು. ಅಂಗೈಯ ಮೇಲೆ ಕೋಲನ್ನು ನಿಲ್ಲಿಸಿ ಆಡುವ ಹುಡುಗನು ಕೋಲು ವಾಲಿದ ಕಡೆಗೇ ಕೈಯನ್ನು ಒಯ್ಯುವನಷ್ಟೆ, ಇದೂ ಹಾಗೆಯೇ. ವಿಮಾನವನ್ನು ನಿರ್ಮಿಸುವುದಕ್ಕೆ ಮೊದಲು ಬೈಸಿಕಲ್ಲುಗಳನ್ನು ಮಾಡಿ ಮಾರುತ್ತಿದ್ದ ರೈಟ್ ಸೋದರರಲ್ಲಿ ಹಿರಿಯನಾದ ವಿಲ್ಬರನು, ಎಡಕ್ಕೆ ತಿರುಗುವವರೆಲ್ಲರೂ ಮೊದಲು ಹ್ಯಾಂಡಲನ್ನು ಒಂದಿಷ್ಟು ಬಲಕ್ಕೆ ತಿರುಗಿಸಿ ಮೈಯನ್ನು ಎಡಕ್ಕೆ ಓಲುವಂತೆ ಮಾಡಿಕೊಳ್ಳುವರೆಂದೂ, ಆದರೆ ಕೇಳಿದರೆ ಯಾರೊಬ್ಬರೂ ಅದನ್ನು ಹೇಳಲರಿಯರೆಂದೂ ಕಂಡುಕೊಂಡಿದ್ದನು. ಇದು ಬಾಯಿಯಿಂದ ಹೇಳಿ ಕಲಿಸುವ ವಿದ್ಯೆಯಲ್ಲ. ಮೈಯು ವಾಲಿ, ಕೈಯು ತಿದ್ದಿ, ಮತ್ತೆ ವಾಲಿ, ಮತ್ತೆ ತಿದ್ದಿ ಕಲಿಯತಕ್ಕ ವಿದ್ಯೆ.

ಇನ್ನು ನಮ್ಮಲ್ಲಿ ರೂಢಿಯಾಗಿರುವ ಕ್ರಮವನ್ನು ನೋಡೋಣ. ಮಗುವನ್ನು ಸೀಟಿನ ಮೇಲೆ ಕುಳ್ಳಿರಿಸಿ, ದೊಡ್ಡವರು ಹಿಂದಿನಿಂದ ಸೀಟನ್ನು ಬಿಗಿಯಾಗಿ ಹಿಡಿದು, ಸೊಂಟವನ್ನು ಬಗ್ಗಿಸಿ ಓಡುವುದು. (ನಲವತ್ತು ದಾಟಿದ ಗೃಹಸ್ಥರಿಗೆ ಇದು ಬೆನ್ನುನೋವನ್ನು ಕೊಂಡುಕೊಳ್ಳುವ ಸುಲಭೋಪಾಯ.) ಸೀಟನ್ನು ಹಿಡಿದಿರುವವರೆಗೆ ವಾಲುವುದನ್ನು ತಿದ್ದುವವರು ಹಿರಿಯರೇ, ಮಗುವಿಗೆ ವಾಲಿದ್ದೇ ತಿಳಿಯದು. ಕೊನೆಗೆ ಅವರು ಸದ್ದಿಲ್ಲದೆ ಕೈಯನ್ನು ಬಿಡುವರು. ಬಿಟ್ಟ ಮೇಲೂ "ಹಿಡಿದುಕೊಂಡಿದ್ದೇನೆ, ತುಳಿ, ತುಳಿ" ಎಂದು ಕೂಗುವುದು ನಮ್ಮಲ್ಲಿ ಬಹುತೇಕ ಶಾಸ್ತ್ರವೇ ಆಗಿಹೋಗಿದೆ. ಅದನ್ನು ಹಿರಿಯರು ತಮಾಷೆಯಾಗಿ ಹೇಳಿಕೊಳ್ಳುವುದನ್ನೂ ಕೇಳಿದ್ದೇವೆ.

ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಹುಡುಗಿಗೆ ಒಂಬತ್ತು ವರ್ಷ. ಸ್ವಭಾವತಃ ಅಂಜುಬುರುಕಿಯಲ್ಲದಿದ್ದರೂ ಎಚ್ಚರದ ಮಗು. ಶಾಲೆಯ ಬಯಲಿನಲ್ಲಿ ತಂದೆಯು ಹಿಂದೆ ಹಿಡಿದು ಓಡುತ್ತಿರಲು, ಅವಳು ಹತ್ತು ಹೆಜ್ಜೆಗೊಮ್ಮೆ "ಬಿಡಬೇಡಪ್ಪಾ" ಎನ್ನುವಳು. ಅವರು "ಇಲ್ಲ ಕಣಮ್ಮ, ಹಿಡಿದುಕೊಂಡೇ ಇದ್ದೇನೆ" ಎನ್ನುವರು. ಒಂದು ಸಲ ಆ ಮಾತು ದೂರದಿಂದ ಕೇಳಿಸಿತು. ಹುಡುಗಿಯು ಹಿಂತಿರುಗಿ ನೋಡಿದಳು. ತಲೆಯೊಡನೆ ಭುಜವೂ, ಭುಜದೊಡನೆ ಹ್ಯಾಂಡಲೂ ತಿರುಗಿತು. ಮೊಣಕಾಲು ತರಚಿದ ಗಾಯವು ವಾರದಲ್ಲಿ ಮಾಯಿತು. ಆದರೆ ಬೈಸಿಕಲ್ಲನ್ನು ಮಾತ್ರ ಅವಳು ಎರಡು ತಿಂಗಳು ಮುಟ್ಟಲಿಲ್ಲ. ಬಿದ್ದುದಕ್ಕೆ ಹೆದರಿದಳೆಂದು ಮನೆಯವರು ತಿಳಿದರು. ಒಂದು ರಾತ್ರಿ ಊಟಕ್ಕೆ ಕುಳಿತಾಗ, ಬಾವಿಕಟ್ಟೆಯ ಹತ್ತಿರ ತಮ್ಮನನ್ನು ಹಿಡಿದುಕೊಳ್ಳುತ್ತೇನೆಂದು ತಂದೆಯು ಯಾವುದೋ ಮಾತಿಗೆ ಅಂದರು. ಹುಡುಗಿಯು ತಲೆಯೆತ್ತದೆ, "ಅವನನ್ನು ಅಮ್ಮ ಹಿಡಿದುಕೊಳ್ಳಲಿ" ಎಂದಳು. ತಂದೆಯ ಕೈಯಲ್ಲಿದ್ದ ತುತ್ತು ಕೈಯಲ್ಲಿಯೇ ಉಳಿಯಿತು.

ಆ ಮೇಲೆ ಕಲಿಸಿದವರು ತಾಯಿ. ಆಕೆ ಚಿಕ್ಕಂದಿನಲ್ಲಿ ತಮ್ಮೂರಿನ ಅಂಗಡಿಯಿಂದ ಗಂಟೆಯ ಬಾಡಿಗೆಗೆ ದೊಡ್ಡವರ ಬೈಸಿಕಲ್ಲನ್ನು ತಂದು, ಅಣ್ಣತಮ್ಮಂದಿರೊಡನೆ ತಾವೇ ಕಲಿತವರು. ಎಡಪೆಡಲಿನ ಮೇಲೆ ಒಂದು ಕಾಲಿಟ್ಟು ಇನ್ನೊಂದರಿಂದ ನೆಲವನ್ನು ಒದೆಯುತ್ತ ಸಾಗುವುದು ಮೊದಲ ಪಾಠ. ಚೌಕಟ್ಟಿನ ನಡುವೆ ಕಾಲನ್ನು ತೂರಿಸಿ ಒಳಪೆಡಲು ತುಳಿಯುವುದು ಎರಡನೆಯದು. ಸೀಟಿನ ಮೇಲೆ ಕೂರುವುದು ಕಾಲು ಎಟುಕಿದ ಮೇಲೆ. ನಮ್ಮ ನಾಡಿನ ಎಷ್ಟೋ ಮಕ್ಕಳು ಕಲಿತದ್ದು ಹೀಗೆಯೇ. ಮೊದಲನೆಯ ಪಾಠವು ಡ್ರೈಸನದೇ ಆಗಿದ್ದಿತೆಂದು ವಾಚಕರು ಗುರುತಿಸಿರಬಹುದು. ತಾಯಿಯು ಪೆಡಲುಗಳನ್ನು ಬಿಚ್ಚಿಸಿ, ಸೀಟನ್ನು ತಗ್ಗಿಸಿ, ಮಗಳಿಗೆ ಹೇಳಿದ್ದು ಇಷ್ಟೆ: "ನಾನು ಹಿಡಿಯುವುದಿಲ್ಲ. ನಿನ್ನ ಕಾಲು ನೆಲದ ಮೇಲೆ ಇದೆ ನೋಡಿಕೋ. ಬೇಡವೆನ್ನಿಸಿದಾಗ ನೀನೇ ನಿಲ್ಲು." ನಾಲ್ಕನೆಯ ದಿನ ಹುಡುಗಿಯು ಎರಡು ಕಾಲನ್ನೂ ಎತ್ತಿ ಬಯಲಿನ ಅರ್ಧದವರೆಗೆ ತೇಲಿಹೋದಳು.

ಬೀಳುವ ನೋವನ್ನು ಮಕ್ಕಳು ಬಹು ಬೇಗ ಮರೆಯುವರು. ನಂಬಿದವರ ಮಾತು ಹುಸಿಯಾದುದನ್ನು ಮರೆಯುವುದು ಅಷ್ಟು ಬೇಗ ಆಗದು. ಹಿಡಿಯುವುದಾದರೆ ಹಿಡಿಯಿರಿ, ಬಿಡುವುದಾದರೆ "ಈಗ ಬಿಡುತ್ತೇನೆ" ಎಂದು ಹೇಳಿ ಬಿಡಿರಿ. ಮಗುವು ಒಪ್ಪದಿದ್ದರೆ ಅಂದಿಗೆ ಬೇಡ.

ಕ್ರಮವನ್ನು ಇನ್ನಷ್ಟು ವಿವರವಾಗಿ ಹೇಳುವೆವು. ಪೆಡಲುಗಳನ್ನು ಬಿಚ್ಚಲು ಸ್ಪ್ಯಾನರೊಂದು ಸಾಕು. ಬಲಗಡೆಯ ಪೆಡಲು ಉಳಿದ ತಿರುಪುಗಳಂತೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಕಳಚುವುದು. ಎಡಗಡೆಯದು ಹಾಗಲ್ಲ, ಅದರ ತಿರುಪೇ ತಿರುವುಮುರುವು. ತುಳಿಯುವಾಗ ತಾನಾಗಿ ಸಡಿಲವಾಗದಿರಲೆಂದು ಹೀಗೆ ಮಾಡಿರುವುದು. ಇದನ್ನರಿಯದೆ ಬಲಪ್ರಯೋಗ ಮಾಡಿ ತಿರುಪನ್ನು ಕೆಡಿಸುವವರು ಉಂಟು. ಬಿಚ್ಚಿದ ಪೆಡಲುಗಳನ್ನು ಎಡಬಲವೆಂದು ಗುರುತಿಟ್ಟು ಎತ್ತಿಡಬೇಕು. ಸೀಟನ್ನು ಎಷ್ಟು ತಗ್ಗಿಸಬೇಕೆಂದರೆ, ಮಗುವು ಕುಳಿತಾಗ ಎರಡು ಅಂಗಾಲುಗಳೂ ಪೂರ್ತಿಯಾಗಿ ನೆಲಕ್ಕೆ ಊರಬೇಕು. ಟೈರುಗಳಲ್ಲಿ ಗಾಳಿಯು ಬಿಗಿಯಾಗಿರಲಿ. ಹುಲ್ಲಿನ ಮೇಲೆ ಬಿದ್ದರೆ ಮೆತ್ತಗಿರುವುದೆಂದು ಹುಲ್ಲುಗಾವಲಿಗೆ ಕರೆದೊಯ್ಯುವುದುಂಟು. ಅಲ್ಲಿ ಗಾಲಿಯು ಉರುಳಲೊಲ್ಲದೆ ಮಗುವು ಬಳಲುವುದು, ವೇಗವು ಕುಂದಿದಷ್ಟೂ ತೂಕ ಕಾಯುವುದು ಕಷ್ಟವಾಗುವುದು. ಗಟ್ಟಿಯಾದ, ಕಲ್ಲುಮರಳಿಲ್ಲದ, ಕಂಡೂ ಕಾಣದಷ್ಟು ಇಳಿಜಾರಾದ ಬಯಲು ಉತ್ತಮ. ರಜದ ದಿನದ ಶಾಲೆಯ ಅಂಗಳ, ಸುಗ್ಗಿ ಮುಗಿದ ಕಣ, ಬೆಳಗಿನ ಹೊತ್ತಿನ ರಥಬೀದಿ, ಇವುಗಳಲ್ಲಿ ಯಾವುದಾದರೂ ಆದೀತು.

ಮೊದಲು ಸೀಟಿನ ಮೇಲೆ ಕುಳಿತೇ ನಡೆಯಲಿ. ಆಮೇಲೆ ದೊಡ್ಡ ಹೆಜ್ಜೆ. ಆಮೇಲೆ ಎರಡು ಕಾಲನ್ನೂ ಕೂಡಿಸಿ ಒದ್ದು ಎತ್ತುವುದು. ಕಣ್ಣು ಗಾಲಿಯ ಮೇಲಿರಬಾರದು, ದೂರದ ಮರದ ಮೇಲೋ ಗೋಡೆಯ ಮೇಲೋ ಇರಬೇಕು. ದಿನಕ್ಕೆ ಅರ್ಧ ಗಂಟೆ ಸಾಕು. ದಣಿದ ಮಗುವು ಕಲಿಯದು, ಅಳುವುದು ಮಾತ್ರ. ಹಿಡಿಯಲೇಬೇಕಾದರೆ ಹ್ಯಾಂಡಲನ್ನಾಗಲಿ ಸೀಟನ್ನಾಗಲಿ ಹಿಡಿಯದೆ, ಮಗುವಿನ ಬೆನ್ನಿಗೆ ಅಥವಾ ಭುಜಕ್ಕೆ ಹಗುರವಾಗಿ ಕೈಯಿಡತಕ್ಕದ್ದು. ಪೆಡಲು ಹಾಕುವುದಕ್ಕೆ ಮೊದಲೇ ಬ್ರೇಕನ್ನು ಕಲಿಸುವುದು ಅತ್ಯಗತ್ಯ. ಎಷ್ಟೋ ಮಕ್ಕಳು ಓಡಿಸಲು ಕಲಿತ ಎಷ್ಟೋ ದಿನಗಳವರೆಗೆ ಕಾಲನ್ನು ಎಳೆದೋ ಗೋಡೆಗೆ ತಾಗಿಸಿಯೋ ನಿಲ್ಲಿಸುವುವು. ಬ್ರೇಕಿನ ಹಿಡಿಯು ಪುಟ್ಟ ಬೆರಳುಗಳಿಗೆ ಎಟುಕುವಂತಿದೆಯೇ ಎಂದು ಮೊದಲು ನೋಡಬೇಕು. ನಮ್ಮ ದೇಶದ ಬೈಸಿಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಗಾಲಿಯ ಬ್ರೇಕು; ಅದೊಂದನ್ನೇ ಬಿಗಿಯಾಗಿ ಹಿಡಿದರೆ ಮುಗ್ಗರಿಸುವ ಭಯವುಂಟು. ಎರಡನ್ನೂ ಕೂಡಿಸಿ ಮೆಲ್ಲಗೆ ಹಿಡಿಯುವುದನ್ನು ಅಭ್ಯಾಸ ಮಾಡಿಸಬೇಕು.

ವಾಹನವನ್ನು ಕೊಳ್ಳುವಾಗ ನಮ್ಮ ಗೃಹಸ್ಥರು ಅಂಗಿಯ ಬಟ್ಟೆಯ ಲೆಕ್ಕವನ್ನೇ ಹಿಡಿಯುವರು. "ಬೆಳೆಯುವ ಹುಡುಗ, ಒಂದಿಷ್ಟು ದೊಡ್ಡದೇ ಇರಲಿ" ಎನ್ನುವರು. ದೊಗಳೆ ಅಂಗಿಯಿಂದ ಯಾರಿಗೂ ಗಾಯವಾಗದು. ಕಾಲು ನೆಲಕ್ಕೆ ಎಟುಕದ ಬೈಸಿಕಲ್ಲಿನಿಂದ ಆಗುವುದು. ಹೊಸದೇ ಬೇಕೆಂದೂ ಇಲ್ಲ. ನೆರೆಮನೆಯ ಮಗುವು ಬೆಳೆದು ಬಿಟ್ಟದ್ದನ್ನು ಅರ್ಧ ಬೆಲೆಗೆ ತಂದು ಎಣ್ಣೆ ಹಾಕಿಸಿದರೆ, ಗೀರು ಬಿದ್ದಿತೆಂದು ಗದರಿಸುವ ಪ್ರಸಂಗವೂ ತಪ್ಪುವುದು.

ಹೆಣ್ಣುಮಕ್ಕಳ ಮಾತು. ಹುಡುಗನಿಗೆ ಬೈಸಿಕಲ್ಲು ಬಂದ ಮನೆಯಲ್ಲಿ ಹುಡುಗಿಯು ಅದನ್ನು ಒರೆಸುವ ಕೆಲಸಕ್ಕೆ ಮಾತ್ರ ಮೀಸಲಾಗಿರುವುದನ್ನು ಈಗಲೂ ಕಾಣುತ್ತೇವೆ. 1890ರ ದಶಕದಲ್ಲಿ ಇಂಗ್ಲೆಂಡಿನ ಕೆಲವು ವೈದ್ಯರು, ಬೈಸಿಕಲ್ ತುಳಿಯುವ ಸ್ತ್ರೀಯರಿಗೆ 'ಬೈಸಿಕಲ್ ಮುಖ' ಎಂಬ ವಿಕಾರವುಂಟಾಗುವುದೆಂದು ಗಂಭೀರವಾಗಿ ಎಚ್ಚರಿಸಿದ್ದರು. ಆ ಮುಖವು ಇದುವರೆಗೆ ಯಾರಿಗೂ ಬಂದಂತಿಲ್ಲ. ಅದೇ ದಶಕದಲ್ಲಿ ಅಮೆರಿಕದ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ಎಂಬಾಕೆಯು ಐವತ್ತಮೂರನೆಯ ವಯಸ್ಸಿನಲ್ಲಿ ಕಲಿತು, ತನ್ನ ವಾಹನಕ್ಕೆ ಗ್ಲಾಡಿಸ್ ಎಂದು ಹೆಸರಿಟ್ಟು, 1895ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದಳು. ಅಷ್ಟು ದೂರ ಹೋಗುವುದೇಕೆ? ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರ ಕಲಿಸುವ ಆಂದೋಲನದೊಡನೆಯೇ ಸ್ತ್ರೀಯರಿಗೆ ಬೈಸಿಕಲ್ಲನ್ನೂ ಕಲಿಸಿದರು; ಹಳ್ಳಿಯ ಕೂಲಿಹೆಂಗಸರು ಸಾವಿರಸಾವಿರವಾಗಿ ಕಲಿತರು. ಬಿಹಾರದಲ್ಲಿ 2006ರಿಂದ ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಬೈಸಿಕಲ್ಲು ಕೊಡಿಸಿದುದರಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಸಂಖ್ಯೆಯು ನೂರಕ್ಕೆ ಸುಮಾರು 30ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ನಮ್ಮ ನಾಡಿನಲ್ಲಿಯೂ 2006-07ರಲ್ಲಿ ಮೊದಲಾದ ಯೋಜನೆಯಿಂದ ಸರ್ಕಾರದ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳು ದೊರೆತವು. ಶಾಲೆಯು ಮೂರು ಮೈಲಿಯಾಚೆ ಇರುವ ಹಳ್ಳಿಯಲ್ಲಿ, ಹದಿಮೂರು ವರ್ಷದ ಹುಡುಗಿಗೆ ಸವಾರಿ ಬರುವುದೋ ಇಲ್ಲವೋ ಎಂಬುದರ ಮೇಲೆ ಅವಳ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದು ನಿಂತಿರುತ್ತದೆ. ಆ ವಯಸ್ಸಿನಲ್ಲಿ ಬೀದಿಯವರ ಮುಂದೆ ಬೀಳುವುದಕ್ಕೆ ನಾಚಿಕೆ ಹೆಚ್ಚು. ಏಳೆಂಟರಲ್ಲಿ ಕಲಿಸುವುದು ಮೇಲು. ಲಂಗದ ಅಂಚೂ ದುಪಟ್ಟದ ಚುಂಗೂ ಸರಪಳಿಗೆ ಸಿಕ್ಕದಂತೆ ಕಟ್ಟಿಕೊಳ್ಳುವುದನ್ನು ಜತೆಯಲ್ಲಿಯೇ ಕಲಿಸಬೇಕು.

ಗಾಯಗಳು ಆಗಿಯೇ ಆಗುವುವು. ತರಚಿದ ಜಾಗಕ್ಕೆ ಕಾಫಿಯ ಪುಡಿಯನ್ನು ಮೆತ್ತುವ ಅಭ್ಯಾಸವನ್ನು ನಮ್ಮ ಸೋದರಿಯರು ದಯಮಾಡಿ ಬಿಡಬೇಕು. ಧಾರಾಳವಾದ ಶುದ್ಧ ನೀರಿನಿಂದಲೂ ಸಾಬೂನಿನಿಂದಲೂ ಮಣ್ಣು ಹೋಗುವವರೆಗೆ ತೊಳೆದು ಶುಭ್ರವಾದ ಬಟ್ಟೆಯನ್ನು ಕಟ್ಟುವುದೇ ಸರಿ. ಧನುರ್ವಾಯು ನಿರೋಧದ ಚುಚ್ಚುಮದ್ದು ಕಾಲಕ್ಕೆ ಸರಿಯಾಗಿ ಆಗಿದೆಯೇ ಎಂದು ವೈದ್ಯರನ್ನು ಕೇಳಿ ತಿಳಿಯತಕ್ಕದ್ದು. ತಲೆಗೆ ಶಿರಸ್ತ್ರಾಣವಿಲ್ಲದೆ ಹತ್ತಗೊಡಿಸಕೂಡದು. ಅದು ಹುಬ್ಬಿನಿಂದ ಎರಡು ಬೆರಳು ಮೇಲೆ ಕೂತಿರಬೇಕು, ಹಿಂದಲೆಗೆ ಜಾರಿರಬಾರದು. ತಲೆಗೆ ಪೆಟ್ಟು ತಗಲಿದ ಮಗುವು ವಾಂತಿ ಮಾಡಿಕೊಂಡರೆ, ತೂಕಡಿಸಿದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮಗುವು ಕಾಲೆತ್ತಿ ಹತ್ತು ಹದಿನೈದು ಮಾರು ತೇಲಿ, ಬೇಕಾದ ಕಡೆಗೆ ತಿರುಗಿ, ಬ್ರೇಕು ಹಿಡಿದು ನಿಲ್ಲುವಂತಾದರೆ ಪೆಡಲುಗಳನ್ನು ಮತ್ತೆ ಹಾಕಬಹುದು. ಒಂದು ಪೆಡಲನ್ನು ಮೇಲಕ್ಕೆ ತಂದು ಸ್ವಲ್ಪ ಮುಂದಕ್ಕೆ ನಿಲ್ಲಿಸಿ, ಅದರ ಮೇಲೆ ಕಾಲಿಟ್ಟು, ಇನ್ನೊಂದು ಕಾಲಿನಿಂದ ನೆಲವನ್ನು ಒದ್ದು ಹೊರಡುವುದನ್ನು ಒಮ್ಮೆ ತೋರಿಸಿದರೆ ಸಾಕು. ಅನೇಕ ಮಕ್ಕಳು ಅದೇ ಸಂಜೆ ಓಡಿಸುವುವು. ತೂಕ ಕಾಯಲು ಬಂದಿತೆಂದ ಮಾತ್ರಕ್ಕೆ ರಸ್ತೆಗೆ ಬಿಡಬಾರದು. ಒಂದು ಕೈಯನ್ನು ತೆಗೆದು ಸನ್ನೆ ಮಾಡುವುದು, ಹ್ಯಾಂಡಲು ತಿರುಗದಂತೆ ಹಿಂದಕ್ಕೆ ನೋಡುವುದು, ನಿಂತ ಮೋಟಾರಿನ ಬಾಗಿಲು ಥಟ್ಟನೆ ತೆರೆಯಬಹುದೆಂಬ ಎಚ್ಚರ, ಇವೆಲ್ಲ ಬಯಲಿನಲ್ಲಿಯೇ ರೂಢಿಯಾಗಬೇಕು. ಹಿಂದೆ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಳ್ಳುವ ಬಯಕೆಯು ಮೊದಲ ವಾರದಲ್ಲಿಯೇ ಹುಟ್ಟುವುದು. ಅದಕ್ಕೆ ಖಂಡಿತವಾಗಿ ಆಸ್ಪದ ಕೊಡಕೂಡದು.

ಕಲಿತಾದ ಮೇಲೆ ಸೀಟನ್ನು ಹಾಗೆಯೇ ತಗ್ಗಿನಲ್ಲಿ ಬಿಟ್ಟುಬಿಡುವ ಮನೆಗಳೇ ಹೆಚ್ಚು. ಮೊಣಕಾಲು ಎದೆಗೆ ತಾಗುವಂತೆ ತುಳಿಯುವ ಮಕ್ಕಳನ್ನು ದಿನವೂ ಬೀದಿಯಲ್ಲಿ ನೋಡುತ್ತೇವೆ. ಧೈರ್ಯ ಬಂದಂತೆಲ್ಲ ವಾರಕ್ಕೆ ಒಂದೊಂದು ಬೆರಳಿನಷ್ಟು ಏರಿಸುತ್ತ ಹೋಗಿ, ಪೆಡಲು ಅತ್ಯಂತ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೀಳವಾಗುವಲ್ಲಿಗೆ ನಿಲ್ಲಿಸಬೇಕು. ಸೀಟಿನ ಕಂಬದ ಮೇಲೆ ಇದಕ್ಕಿಂತ ಮೇಲಕ್ಕೆ ಎಳೆಯಕೂಡದೆಂಬ ಗೆರೆಯೊಂದಿರುವುದು. ಆ ಗೆರೆಯು ಹೊರಗೆ ಕಾಣಿಸಿದ ವರ್ಷ ಆ ಬೈಸಿಕಲ್ಲು ಚಿಕ್ಕವರ ಪಾಲಿಗೆ ಹೋಗತಕ್ಕದ್ದು.